ಜಿಂಕೆ ಬೇಟೆಗೆ .223 ರೈಫಲ್: 62 ಗ್ರೇನ್ ಫ್ಯೂಷನ್ ಗುಂಡಿನ ದೀರ್ಘಕಾಲದ ಬಳಕೆಯ ವಿಮರ್ಶೆ

ತೀರ್ಪನ್ನು ಮೊದಲೇ ಹೇಳಿಬಿಡುತ್ತೇನೆ. .223 ರೆಮಿಂಗ್ಟನ್ ರೈಫಲ್ಲಿನಲ್ಲಿ ಬಿಳಿಬಾಲದ ಜಿಂಕೆ ಹೊಡೆಯಲು ಹೊರಟವರಿಗೆ ಫೆಡರಲ್ ಕಂಪನಿಯ 62 ಗ್ರೇನ್ (ಗ್ರೇನ್ ಎಂದರೆ ಗುಂಡಿನ ತೂಕದ ಅಳತೆ) ಫ್ಯೂಷನ್ ತೋಟಾವನ್ನು ನಾನು ಹಿಂಜರಿಕೆಯಿಲ್ಲದೆ ಶಿಫಾರಸು ಮಾಡುತ್ತೇನೆ. ಎರಡು ಷರತ್ತುಗಳಿವೆ. ನಳಿಗೆಯೊಳಗಿನ ಸುರುಳಿ ಗೀರುಗಳ ತಿರುವು 1:9 (9 ಇಂಚಿಗೆ ಒಂದು ಸುತ್ತು) ಅಥವಾ ಅದಕ್ಕಿಂತ ಬಿಗಿಯಾಗಿರಬೇಕು. ಈಡು 150 ಗಜದೊಳಗೆ, ಪ್ರಾಣಿ ಪಕ್ಕಕ್ಕೆ ತಿರುಗಿ ನಿಂತಾಗ ಬೀಳಬೇಕು. ಎರಡನೆಯ ಷರತ್ತು ಇಕ್ಕಟ್ಟೆನಿಸುವವರು ಬೇರೆ ತೋಟಾ ಹುಡುಕಿ ಪ್ರಯೋಜನವಿಲ್ಲ, ಬೇರೆ ರೈಫಲ್ಲನ್ನೇ ಹುಡುಕಬೇಕು.

ನನ್ನ ಅನುಭವದ ಗಡಿಯನ್ನೂ ಹೇಳಬೇಕು. ನಾನು ಬೇಟೆಯಾಡುವುದು ಟೆಕ್ಸಸ್‌ನ ಹಿಲ್ ಕಂಟ್ರಿಯಲ್ಲಿ, ಲ್ಯಾನೋ ಮತ್ತು ಮೇಸನ್ ಕೌಂಟಿಗಳ ಆಸುಪಾಸಿನಲ್ಲಿ. ಗ್ರಾನೈಟ್ ಬಂಡೆ, ಲೈವ್ ಓಕ್, ಜೂನಿಪರ್ ಪೊದೆ, ಪಾಪಾಸುಕಳ್ಳಿ ತುಂಬಿದ ಸೀಮೆ. ಇಲ್ಲಿ ಜಿಂಕೆಗಳು ಹೇರಳ, ಆದರೆ ಮೈಕಟ್ಟು ಚಿಕ್ಕದು. ಬೆಳೆದ ಹೆಣ್ಣು ಜಿಂಕೆಯ ತೂಕ 40 ಕಿಲೋ ಆಸುಪಾಸು. ಉತ್ತರದ ಮಿನ್ನೆಸೋಟದಲ್ಲಿಯೋ ಕೆನಡಾದ ಬಯಲಿನಲ್ಲಿಯೋ ಸಿಗುವ ಗಂಡು ಜಿಂಕೆ ಇದರ ಎರಡು ಪಟ್ಟಿಗೂ ಹೆಚ್ಚು ತೂಗಬಹುದು. ಜಾತಿ ಒಂದೇ ಆದರೂ ಗುಂಡು ದಾಟಬೇಕಾದ ಮಾಂಸ, ಮೂಳೆಯ ದಪ್ಪ ಬೇರೆ. ನಾನು ಇಲ್ಲಿ ಹೇಳುವುದನ್ನು ಅಲ್ಲಿಗೆ ಹಾಗೆಯೇ ಒಯ್ಯಬೇಡಿ.

ಇಷ್ಟು ಸಣ್ಣ ಕ್ಯಾಲಿಬರ್ (ಇಂಚಿನಲ್ಲಿ ಗುಂಡಿನ ವ್ಯಾಸದ ಅಳತೆ) ಯಾಕೆ ಎಂದು ಯಾರಾದರೂ ಕೇಳಬಹುದು. ಮುಖ್ಯ ಕಾರಣ ಹಿಂದೊದೆತ. ಒಂದೇ ತೂಕದ ರೈಫಲ್ಲಿನಲ್ಲಿ .223ರ ಒದೆತ ದೊಡ್ಡ ಕ್ಯಾಲಿಬರಾದ .308ರ ಕಾಲು ಭಾಗದಷ್ಟು. ನಮ್ಮ ಮನೆಯಲ್ಲಿ ಬೇಟೆ ಕಲಿತವಳು ನನ್ನ ಮಗಳು. ಮೊದಲ ಪಾಠವೇ ಭುಜಕ್ಕೆ ನೋವಾಗುವಂತಿದ್ದರೆ ಬಂದೂಕಿನ ಕುದುರೆ (ಟ್ರಿಗರ್) ಎಳೆಯುವ ಮೊದಲೇ ಮೈ ಬಿಗಿಯುವ ಅಭ್ಯಾಸ ಅಂಟಿಕೊಳ್ಳುತ್ತದೆ, ಮತ್ತೆ ಅದನ್ನು ಬಿಡಿಸಲು ವರ್ಷಗಳೇ ಬೇಕು. ಒದೆತ ಕಡಿಮೆಯಿದ್ದಾಗ ದುರ್ಬೀನಿನೊಳಗೆ ಗುಂಡು ತಗುಲಿದ್ದು ಕಾಣುತ್ತದೆ, ಜಿಂಕೆ ಯಾವ ಕಡೆಗೆ ಓಡಿತು ಎಂಬುದೂ ಕಾಣುತ್ತದೆ. ಅಭ್ಯಾಸದ ತೋಟಾಗಳು ಅಗ್ಗ, ಹಾಗಾಗಿ ಹೆಚ್ಚು ಅಭ್ಯಾಸವಾಗುತ್ತದೆ. ಸಣ್ಣ ಗುಂಡನ್ನು ಸರಿಯಾದ ಜಾಗಕ್ಕೆ ಇಡಬಲ್ಲವರು ದೊಡ್ಡ ಗುಂಡನ್ನು ಹೆದರಿ ಹಾರಿಸುವವರಿಗಿಂತ ಒಳ್ಳೆಯ ಬೇಟೆಗಾರರು ಎಂಬುದು ನನ್ನ ದೃಢ ಅಭಿಪ್ರಾಯ.

ಹಾಗೆಂದು ಭೌತಶಾಸ್ತ್ರ ನಮ್ಮ ಮುಲಾಜು ನೋಡುವುದಿಲ್ಲ. 62 ಗ್ರೇನ್ ಎಂದರೆ ಬರೀ 4 ಗ್ರಾಂ, ವ್ಯಾಸ 5.7 ಮಿಲಿಮೀಟರ್. ಉದ್ದದ ನಳಿಗೆಯಿಂದ ಸೆಕೆಂಡಿಗೆ 3,000 ಅಡಿ ವೇಗದಲ್ಲಿ ಹೊರಟಾಗ ಅದರ ಶಕ್ತಿ ಸುಮಾರು 1,240 ಅಡಿ-ಪೌಂಡ್. 150 ಗ್ರೇನಿನ .308 ಗುಂಡು ಇದರ ಎರಡು ಪಟ್ಟಿಗಿಂತ ಹೆಚ್ಚು ಶಕ್ತಿ ಹೊತ್ತು ಹೋಗುತ್ತದೆ. ದೊಡ್ಡ ಗುಂಡು ಕಳಪೆಯಾಗಿ ಅರಳಿದರೂ ತನ್ನ ತೂಕದಿಂದಲೇ ಆ ಕೊರತೆಯನ್ನು ತುಂಬಿಕೊಳ್ಳುತ್ತದೆ. ನಾಲ್ಕು ಗ್ರಾಮಿನ ಗುಂಡಿಗೆ ಆ ಅವಕಾಶವೇ ಇಲ್ಲ. ಅದು ಚರ್ಮ ದಾಟಿ, ಪಕ್ಕೆಲುಬು ಮುರಿದು, ಎರಡೂ ಶ್ವಾಸಕೋಶಗಳನ್ನು ಸೀಳಿ, ಸಾಧ್ಯವಾದರೆ ಆಚೆ ಬದಿಯಿಂದ ಹೊರಬರಬೇಕು. ಆ ದಾರಿಯುದ್ದಕ್ಕೂ ಅರಳಬೇಕು, ಆದರೆ ಪುಡಿಯಾಗಬಾರದು. ಆದ್ದರಿಂದ .223ರಲ್ಲಿ ಜಿಂಕೆಯನ್ನು ಬೇಗ ಬೀಳಿಸುವುದು ಕ್ಯಾಲಿಬರ್ ಅಲ್ಲ, ಗುಂಡಿನ ಒಳರಚನೆ.

ಅಂಗಡಿಯ ಕಪಾಟಿನಲ್ಲಿ .223 ತೋಟಾಗಳ ಹತ್ತಾರು ಡಬ್ಬಿಗಳಿರುತ್ತವೆ. ಅವುಗಳಲ್ಲಿ ಹೆಚ್ಚಿನವು ಜಿಂಕೆಗಾಗಿ ಮಾಡಿದವಲ್ಲ ಎಂಬುದನ್ನು ಹೊಸಬರು ಮೊದಲು ತಿಳಿಯಬೇಕು. ಬಣ್ಣದ ಪ್ಲಾಸ್ಟಿಕ್ ಮೂತಿಯ, ತೆಳು ಕವಚದ 40ರಿಂದ 55 ಗ್ರೇನಿನ ಗುಂಡುಗಳಿವೆ. ಅವು ಪ್ರೇರಿ ಡಾಗ್ ಎಂಬ ಅಳಿಲುಜಾತಿಯ ಪ್ರಾಣಿ, ಕಯೋಟಿ ಎಂಬ ನರಿಯಂಥ ಪ್ರಾಣಿಗಳಿಗೆ ಮೀಸಲು. ತಗುಲಿದ ತಕ್ಷಣ ಸಿಡಿಯುವುದೇ ಅವುಗಳ ಗುಣ. ನಮ್ಮ ಗುತ್ತಿಗೆ ಜಮೀನಿನಲ್ಲಿ ಒಬ್ಬರು ಅಂಥ ಗುಂಡನ್ನು ಜಿಂಕೆಯ ಭುಜಕ್ಕೆ ಹೊಡೆದಿದ್ದರು. ಹೊರಗೆ ಅಂಗೈಯಗಲದ ಗಾಯ. ಒಳಗೆ ಶ್ವಾಸಕೋಶದವರೆಗೆ ಏನೂ ತಲುಪಿರಲಿಲ್ಲ. ಆ ಪ್ರಾಣಿಯನ್ನು ಮರುದಿನ ಬೆಳಿಗ್ಗೆ ಜೀವಂತವಾಗಿ ಕಂಡು ಮುಗಿಸಬೇಕಾಯಿತು. ಇಡೀ ರಾತ್ರಿ ಅದು ಪಟ್ಟ ಯಾತನೆಗೆ ಡಬ್ಬಿಯ ಮೇಲಿನ ಎರಡು ಸಾಲು ಓದದಿದ್ದುದೇ ಕಾರಣ.

ಇನ್ನೊಂದು ತುದಿಯಲ್ಲಿ ಪೂರ್ತಿ ಕವಚದ ಸೈನಿಕ ಮಾದರಿಯ ಗುಂಡುಗಳಿವೆ. ಕೋಲ್ಕತ್ತದ ಬಳಿಯ ದಮ್‌ದಮ್ ಶಸ್ತ್ರಾಗಾರದಲ್ಲಿ ಬ್ರಿಟಿಷರು ತಯಾರಿಸಿದ ಅರಳುವ ಗುಂಡುಗಳ ಮೇಲೆ ಎದ್ದ ವಿವಾದದ ನಂತರ, 1899ರ ಹೇಗ್ ಘೋಷಣೆ ಯುದ್ಧದಲ್ಲಿ ಅಂಥವನ್ನು ನಿಷೇಧಿಸಿತು. ಬೇಟೆಯಲ್ಲಿ ನಿಯಮ ತದ್ವಿರುದ್ಧ. ಅಮೆರಿಕದ ಹಲವು ರಾಜ್ಯಗಳು ಜಿಂಕೆಗೆ ಅರಳುವ ಗುಂಡನ್ನೇ ಕಡ್ಡಾಯ ಮಾಡಿವೆ, ಏಕೆಂದರೆ ಅರಳದ ಗುಂಡು ಸಣ್ಣ ತೂತು ಕೊರೆದು ದಾಟಿಹೋಗಬಹುದು, ಪ್ರಾಣಿ ಗಂಟೆಗಟ್ಟಲೆ ನರಳಬಹುದು. ಇಲ್ಲಿ ಒಂದು ಗಂಭೀರ ಗೊಂದಲವಿದೆ, ದಯವಿಟ್ಟು ಗಮನಿಸಿ. ಹಸಿರು ಮೂತಿಯ ಎಂ855 ಎಂಬ ಸೈನಿಕ ತೋಟಾದ ಗುಂಡೂ 62 ಗ್ರೇನ್ ತೂಗುತ್ತದೆ, ಅದರ ಮೂತಿಯೊಳಗೆ ಉಕ್ಕಿನ ತುಂಡಿದೆ. ತೂಕ ಒಂದೇ ಎಂದು ಅದನ್ನು ಜಿಂಕೆಗೆ ಬಳಸಬಾರದು. ಜೊತೆಗೆ, 5.56 ನ್ಯಾಟೋ ಎಂದು ಬರೆದ ತೋಟಾವನ್ನು ಬರೀ .223 ಎಂದು ಮುದ್ರಿಸಿರುವ ನಳಿಗೆಗೆ ಹಾಕುವುದೂ ಸುರಕ್ಷಿತವಲ್ಲ. ನೋಡಲು ಒಂದೇ ಆದರೂ ಒತ್ತಡ ಬೇರೆ.

ಗುರಿ ಸ್ಪರ್ಧೆಗೆಂದು ಮಾಡಿದ ಪೊಳ್ಳುಮೂತಿಯ ಭಾರದ ಗುಂಡುಗಳನ್ನು ಜಿಂಕೆಗೆ ಹೊಡೆದು ಮೆಚ್ಚುವವರಿದ್ದಾರೆ. ಅವು ಕೆಲವೊಮ್ಮೆ ಅದ್ಭುತವಾಗಿ ಕೆಲಸ ಮಾಡುತ್ತವೆ, ಕೆಲವೊಮ್ಮೆ ಇಲ್ಲ. ಜೀವವೊಂದು ಎದುರಿಗಿರುವಾಗ "ಕೆಲವೊಮ್ಮೆ" ನನಗೆ ಸಾಲದು.

ಈಗ ಫ್ಯೂಷನ್ ಬಗ್ಗೆ. ಸಾಮಾನ್ಯ ಗುಂಡಿನಲ್ಲಿ ತಾಮ್ರದ ಬಟ್ಟಲೊಳಗೆ ಸೀಸವನ್ನು ಒತ್ತಿ ತುಂಬಿರುತ್ತಾರೆ. ಮೂಳೆಗೆ ತಗುಲಿದಾಗ ಎರಡೂ ಬೇರ್ಪಡಬಹುದು. ಫ್ಯೂಷನ್‌ನಲ್ಲಿ ಸೀಸದ ತಿರುಳಿನ ಮೇಲೆ ತಾಮ್ರವನ್ನು ವಿದ್ಯುತ್-ರಾಸಾಯನಿಕ ವಿಧಾನದಿಂದ ಲೇಪಿಸಿ ಬೆಳೆಸುತ್ತಾರೆ. ಕವಚ, ತಿರುಳು ಎಂದು ಬಿಡಿಸಲು ಬರುವುದಿಲ್ಲ. ಮೂತಿಯಲ್ಲಿ ಸೀಳುಗಳನ್ನು ಕೊಟ್ಟಿರುತ್ತಾರೆ, ಆದ್ದರಿಂದ ಅರಳುವುದೂ ಹಿಡಿತದಲ್ಲಿರುತ್ತದೆ. ನಾನು ಕಂಡಂತೆ, ಪಕ್ಕಕ್ಕೆ ನಿಂತ ಜಿಂಕೆಯ ಪಕ್ಕೆಲುಬುಗಳ ನಡುವೆ ಬಿದ್ದ ಗುಂಡು ಬಹುತೇಕ ಪ್ರತಿಸಲ ಆಚೆ ದಾಟಿದೆ. ಭುಜದ ಮೂಳೆ ಅಡ್ಡ ಬಂದಾಗ ಆಚೆ ಬದಿಯ ಚರ್ಮದಡಿ ಸಿಕ್ಕಿಕೊಂಡದ್ದೂ ಉಂಟು. ಹಾಗೆ ಸಿಕ್ಕವನ್ನು ತೊಳೆದು ತೂಗಿದ್ದೇನೆ. ಅಣಬೆಯಂತೆ ಅರಳಿ ಮೂಲ ವ್ಯಾಸದ ಸುಮಾರು ಎರಡು ಪಟ್ಟು ಆಗಿದ್ದವು, ತೂಕದ ಹೆಚ್ಚಿನ ಪಾಲು ಉಳಿದಿತ್ತು.

ಜಿಂಕೆ ನಿಂತಲ್ಲೇ ಕುಸಿಯುತ್ತದೆ ಎಂದು ನಿರೀಕ್ಷಿಸಬೇಡಿ. ಎರಡೂ ಶ್ವಾಸಕೋಶ ಸೀಳಿದ ಜಿಂಕೆಯೂ ಮೂವತ್ತು, ನಲವತ್ತು, ಕೆಲವೊಮ್ಮೆ ಎಂಬತ್ತು ಗಜ ಓಡಿ ಬೀಳುತ್ತದೆ. ಇದು ಗುಂಡಿನ ವೈಫಲ್ಯವಲ್ಲ, ಮಿದುಳಿನಲ್ಲಿ ಆಮ್ಲಜನಕ ಉಳಿದಿರುವಷ್ಟು ಕಾಲ ಕಾಲುಗಳು ಕೆಲಸ ಮಾಡುತ್ತವೆ. ಆದರೆ .22 ಗಾತ್ರದ ಗುಂಡುಗಳ ನಿಜವಾದ ದೌರ್ಬಲ್ಯ ಇಲ್ಲೇ ಗೋಚರಿಸುತ್ತದೆ. ಹೊರಬರುವ ರಂಧ್ರ ಚಿಕ್ಕದು. ಅದು ಮೇಲಿದ್ದರೆ ರಕ್ತ ಎದೆಗೂಡಿನೊಳಗೇ ತುಂಬಿಕೊಳ್ಳುತ್ತದೆ, ನೆಲದ ಮೇಲೆ ಜಾಡು ಬೀಳುವುದೇ ಇಲ್ಲ. ಒಣಹುಲ್ಲಿನಲ್ಲಿ, ಜೂನಿಪರಿನ ನೆರಳಿನಲ್ಲಿ, ಸಂಜೆಗತ್ತಲಲ್ಲಿ ಹನಿ ಹನಿ ರಕ್ತ ಹುಡುಕುವುದು ಎಷ್ಟು ಕಷ್ಟ ಎಂದು ಮಾಡಿದವರಿಗೆ ಗೊತ್ತು. ಅದಕ್ಕೇ ನಾನು ಎದೆಯ ಕೆಳಗಿನ ಮೂರನೇ ಒಂದು ಭಾಗಕ್ಕೆ, ಮುಂಗಾಲಿನ ಹಿಂಬದಿಯ ಗೆರೆಗೆ ಒತ್ತಿ ಗುರಿಯಿಡುತ್ತೇನೆ. ಈಡಾದ ಮೇಲೆ ಜಿಂಕೆ ಕೊನೆಯದಾಗಿ ಕಂಡ ಮರವನ್ನು ಗುರುತು ಹಾಕಿಕೊಂಡು ಅರ್ಧ ಗಂಟೆ ಕೂತೇ ಇರುತ್ತೇನೆ. ಎದುರುಬದುರಾಗಿ ನಿಂತ ಜಿಂಕೆ, ಓರೆಯಾಗಿ ನನ್ನ ಕಡೆ ಭುಜ ತೋರಿಸುತ್ತಿರುವ ಜಿಂಕೆ, ಓಡುತ್ತಿರುವ ಜಿಂಕೆ, ಇವು ಯಾವುವೂ .223ಕ್ಕೆ ಅಲ್ಲ. ಅವು ತಿರುಗುವವರೆಗೆ ಕಾಯಬೇಕು, ತಿರುಗದಿದ್ದರೆ ಬಿಡಬೇಕು. ಮಗಳಿಗೂ ನಾನು ಮೊದಲು ಹೇಳಿಕೊಟ್ಟದ್ದು ಇದನ್ನೇ, ಅವಳು ಇದನ್ನು ನನಗಿಂತ ಕಟ್ಟುನಿಟ್ಟಾಗಿ ಪಾಲಿಸುತ್ತಾಳೆ.

150 ಗಜದ ಮಿತಿ ನನ್ನದು, ಡಬ್ಬಿಯ ಮೇಲೆ ಬರೆದದ್ದಲ್ಲ. 100 ಗಜಕ್ಕೆ ಗುರಿ ಕೂಡಿಸಿದ ರೈಫಲ್ಲಿನಲ್ಲಿ ಗುಂಡು 200 ಗಜಕ್ಕೆ ಸುಮಾರು ಮೂರು ಇಂಚು ಮಾತ್ರ ಕೆಳಗೆ ಬೀಳುತ್ತದೆ, ಹೊಡೆಯುವುದು ಕಷ್ಟವೇನಲ್ಲ. ಆದರೆ ವೇಗ ಕುಸಿದಂತೆ ಅರಳುವಿಕೆಯೂ ಕುಸಿಯುತ್ತದೆ, ಗಾಳಿ ಹಗುರ ಗುಂಡನ್ನು ತಳ್ಳುತ್ತದೆ, ಶಕ್ತಿ 1,000 ಅಡಿ-ಪೌಂಡಿಗಿಂತ ಕೆಳಗಿಳಿದಿರುತ್ತದೆ. 16 ಇಂಚಿನ ಗಿಡ್ಡ ನಳಿಗೆಯವರು ಇನ್ನೂ ಹತ್ತಿರ ಹೋಗಬೇಕು. 24 ಇಂಚಿನದಕ್ಕೆ ಹೋಲಿಸಿದರೆ ಅವರ ಗುಂಡು ಸೆಕೆಂಡಿಗೆ ಇನ್ನೂರು ಅಡಿಗೂ ಹೆಚ್ಚು ನಿಧಾನ.

ತಿರುವಿನ ವಿಷಯಕ್ಕೆ ಬರೋಣ, ಏಕೆಂದರೆ ಹೆಚ್ಚಿನವರು ಇದನ್ನು ನೋಡದೆಯೇ ಡಬ್ಬಿ ಕೊಳ್ಳುತ್ತಾರೆ. 1:9 ಎಂದರೆ ನಳಿಗೆಯೊಳಗೆ ಗುಂಡು ಪ್ರತಿ 9 ಇಂಚಿಗೆ ಒಂದು ಸುತ್ತು ತಿರುಗುತ್ತದೆ. ಗುಂಡು ಉದ್ದವಾದಷ್ಟೂ ಅದನ್ನು ನೇರ ಹಾರಿಸಲು ಬಿಗಿಯಾದ ತಿರುವು ಬೇಕು. .223ರ ಹಳೆಯ ಬೋಲ್ಟ್ ರೈಫಲ್ಲುಗಳಲ್ಲಿ 1:12 ಸಾಮಾನ್ಯ, ಹಗುರ ಗುಂಡಿಗಾಗಿ ಮಾಡಿದವು. ಅವುಗಳಲ್ಲಿ 62 ಗ್ರೇನ್ ಗುಂಡು ಓಲಾಡಿ ಕಾಗದದ ಮೇಲೆ ದುಂಡನೆಯ ತೂತಿನ ಬದಲು ಅಡ್ಡ ತೂತು ಮಾಡಬಹುದು. ನನ್ನದು 1:8 ತಿರುವಿನ ಟಿಕಾ ಟಿ3ಎಕ್ಸ್, ಫ್ಯೂಷನ್‌ಗೆ ಸಲೀಸಾಗಿ ಹೊಂದಿಕೊಂಡಿದೆ. 100 ಗಜದಲ್ಲಿ ಮೂರು ಗುಂಡುಗಳು ಒಂದು ಇಂಚಿನ ಸುತ್ತಮುತ್ತ ಕೂಡುತ್ತವೆ. ಸ್ಪರ್ಧೆಗೆ ಇದು ಸಾಮಾನ್ಯ, ಜಿಂಕೆಯ ಎದೆಗೆ ಧಾರಾಳ. ನಳಿಗೆ ತಣ್ಣಗಿದ್ದಾಗಿನ ಮೊದಲ ಗುಂಡು ಎಲ್ಲಿ ಬೀಳುತ್ತದೆ ಎಂಬುದೇ ಬೇಟೆಗೆ ಮುಖ್ಯ. ಆ ವಿಷಯದಲ್ಲಿ ಫ್ಯೂಷನ್ ವರ್ಷದಿಂದ ವರ್ಷಕ್ಕೆ ಒಂದೇ ಜಾಗ ಬಿಟ್ಟು ಕದಲಿಲ್ಲ. ಹಾಗಿದ್ದರೂ ಪ್ರತಿ ಅಕ್ಟೋಬರಿನಲ್ಲಿ ಹೊಸ ಡಬ್ಬಿಯಿಂದ ಕಾಗದಕ್ಕೆ ಹೊಡೆದು ನೋಡುತ್ತೇನೆ.

ಪ್ರತಿಸ್ಪರ್ಧಿಗಳನ್ನೂ ಬಳಸಿದ್ದೇನೆ. ನೋಸ್ಲರ್ ಪಾರ್ಟಿಷನ್ 60 ಗ್ರೇನ್ ನನ್ನ ಗೌರವ ಗಳಿಸಿದ ಗುಂಡು. 1940ರ ದಶಕದಲ್ಲಿ ಜಾನ್ ನೋಸ್ಲರ್ ಎಂಬ ಬೇಟೆಗಾರ ಬ್ರಿಟಿಷ್ ಕೊಲಂಬಿಯಾದಲ್ಲಿ ಮೂಸ್ ಎಂಬ ಭಾರೀ ಜಿಂಕೆಯೊಂದರ ಮೇಲೆ ಹಾರಿಸಿದ ಗುಂಡುಗಳು ಒಳಹೋಗದೆ ಒಡೆದುಹೋದ ಮೇಲೆ, ಗುಂಡಿನ ನಡುವೆ ತಾಮ್ರದ ಅಡ್ಡಗೋಡೆ ಇಡುವ ಯೋಚನೆ ಮಾಡಿದರು. 1948ರಲ್ಲಿ ಕಂಪನಿಯೇ ಹುಟ್ಟಿತು. ಮುಂಭಾಗ ಬೇಗ ಅರಳಿ ಚೂರಾಗುತ್ತದೆ, ಗೋಡೆಯ ಹಿಂದಿನ ಅರ್ಧ ಮುಂದೆ ನುಗ್ಗುತ್ತದೆ. ಗುಂಡು ಗಿಡ್ಡ, ಹಾಗಾಗಿ 1:12 ನಳಿಗೆಯವರು ಮೊದಲು ಪರೀಕ್ಷಿಸಬೇಕಾದದ್ದು ಇದನ್ನೇ. ನನ್ನ ದೂರು ಬೆಲೆ ಮಾತ್ರ. ವಿಂಚೆಸ್ಟರ್‌ನ 64 ಗ್ರೇನ್ ಪವರ್ ಪಾಯಿಂಟ್ ಅಗ್ಗ, ಹಳೆಯ ಮಾದರಿಯ ಸರಳ ಗುಂಡು. ಪಕ್ಕೆಲುಬಿಗೆ ಸಾಕು, ಭುಜದ ಮೂಳೆಗೆ ನಾನು ನಂಬುವುದಿಲ್ಲ.

ಬಾರ್ನ್ಸ್ ಟಿಎಸ್‌ಎಕ್ಸ್ ಬೇರೆಯದೇ ಲೋಕ. ಪೂರ್ತಿ ತಾಮ್ರ, ಸೀಸವಿಲ್ಲ. ಮೂತಿ ನಾಲ್ಕು ಎಸಳಾಗಿ ಬಿಚ್ಚಿಕೊಂಡು ಹೆಚ್ಚುಕಡಿಮೆ ಇಡೀ ತೂಕ ಉಳಿಸಿಕೊಂಡೇ ದಾಟುತ್ತದೆ. ಹೊಕ್ಕುವ ಬಲದಲ್ಲಿ .223ಕ್ಕೆ ಇದಕ್ಕಿಂತ ಮೇಲಾದದ್ದನ್ನು ನಾನು ಕಂಡಿಲ್ಲ. ತಾಮ್ರದ ಸಾಂದ್ರತೆ ಸೀಸಕ್ಕಿಂತ ಕಡಿಮೆ, ಹಾಗಾಗಿ ಅಷ್ಟೇ ತೂಕದ ಗುಂಡು ಉದ್ದವಾಗುತ್ತದೆ. 70 ಗ್ರೇನಿನದಕ್ಕೆ 1:8 ಅಥವಾ ಇನ್ನೂ ಬಿಗಿ ತಿರುವು ಬೇಕೇ ಬೇಕು. ಅರಳಲು ವೇಗವೂ ಬೇಕು, ಆದ್ದರಿಂದ ಗಿಡ್ಡ ನಳಿಗೆಯಿಂದ ದೂರದ ಈಡಿಗೆ ಇದು ಸಲ್ಲದು. ಕ್ಯಾಲಿಫೋರ್ನಿಯಾದವರಿಗೆ ಆಯ್ಕೆಯ ಪ್ರಶ್ನೆಯೇ ಇಲ್ಲ. ಅಲ್ಲಿ 2019ರ ಜುಲೈ 1ರಿಂದ ಬೇಟೆಗೆ ಸೀಸದ ಗುಂಡು ಪೂರ್ತಿ ನಿಷೇಧ, ಅಲ್ಲಿನ ಕಾಂಡೋರ್ ರಣಹದ್ದುಗಳು ಸೀಸ ತಿಂದು ಸಾಯುತ್ತಿದ್ದುದು ಅದಕ್ಕೆ ದೊಡ್ಡ ಕಾರಣ.

ಸೀಸದ ವಿಷಯದಲ್ಲಿ ಫ್ಯೂಷನ್‌ಗೆ ನಾನು ಅಂಕ ಕಳೆಯುತ್ತೇನೆ. ಬೆಸೆದ ಗುಂಡು ಗಟ್ಟಿಯಾಗಿ ಉಳಿದರೂ ಒಂದಿಷ್ಟು ಸೀಸ ಸಣ್ಣ ಸಣ್ಣ ಕಣಗಳಾಗಿ ಮಾಂಸದಲ್ಲಿ ಚದುರುತ್ತದೆ. 2008ರಲ್ಲಿ ಉತ್ತರ ಡಕೋಟಾದಲ್ಲಿ ದಾನವಾಗಿ ಬಂದ ಜಿಂಕೆಯ ಕೈಮಾದಲ್ಲಿ ಸೀಸ ಕಂಡುಬಂದು ಆಹಾರ ಭಂಡಾರಗಳು ಅದನ್ನು ಎಸೆಯಬೇಕಾಯಿತು. ಅದೇ ವರ್ಷ ಮಿನ್ನೆಸೋಟದ ನೈಸರ್ಗಿಕ ಸಂಪನ್ಮೂಲ ಇಲಾಖೆ ಕುರಿಗಳ ದೇಹಗಳ ಮೇಲೆ ಬಗೆಬಗೆಯ ಗುಂಡು ಹಾರಿಸಿ ಎಕ್ಸ್‌ರೇ ತೆಗೆದಾಗ, ಗಾಯದಿಂದ ಒಂದು ಗೇಣಿಗಿಂತ ದೂರದಲ್ಲೂ ಕಣಗಳು ಕಂಡವು. ಕಣ್ಣಿಗೆ ಕಾಣದ, ಹಲ್ಲಿಗೆ ಸಿಗದ ಕಣಗಳವು. ಮಕ್ಕಳ ಮಟ್ಟಿಗೆ ಸೀಸದ ಸುರಕ್ಷಿತ ಪ್ರಮಾಣ ಎಂಬುದೇ ಇಲ್ಲ. ಆದ್ದರಿಂದ ಫ್ಯೂಷನ್ ಹೊಡೆದ ಜಿಂಕೆಯಲ್ಲಿ ಗಾಯದ ಸುತ್ತ ಅಗಲವಾಗಿ ಮಾಂಸ ಕತ್ತರಿಸಿ ಎಸೆಯುತ್ತೇನೆ, ಎದೆಭಾಗದ ಮಾಂಸವನ್ನು ಕೈಮಾಕ್ಕೆ ಹಾಕುವುದಿಲ್ಲ, ಹಿಂದಿನ ತೊಡೆಯದನ್ನು ಮಾತ್ರ ಮನೆಗೆ ಬಂದವರಿಗೆ ಬಡಿಸುತ್ತೇನೆ. ಕೊಡಗಿನಿಂದ ತಂದ ಕಾಚಂಪುಳಿ, ಕರಿಮೆಣಸು ಹಾಕಿ ಮಾಡಿದ ಜಿಂಕೆ ಮಾಂಸದ ರುಚಿಯನ್ನು ಸೀಸದ ಭಯದ ಜೊತೆ ಉಣ್ಣಬಾರದು. ಮನೆಯಲ್ಲಿ ಬಸುರಿಯರು, ಪುಟ್ಟ ಮಕ್ಕಳು ಇರುವವರು ಫ್ಯೂಷನ್ ಬಿಟ್ಟು ತಾಮ್ರದ ಗುಂಡನ್ನೇ ಕೊಳ್ಳಿ. ಇದರಲ್ಲಿ ನನಗೆ ಎರಡನೆಯ ಮಾತಿಲ್ಲ.

ಬೆಲೆ ವರ್ಷಕ್ಕೊಂದು, ಊರಿಗೊಂದು. 20 ತೋಟಾಗಳ ಡಬ್ಬಿಯಲ್ಲಿ ಫ್ಯೂಷನ್ ಸಾಮಾನ್ಯ ಗುಂಡಿಗಿಂತ ದುಬಾರಿ, ತಾಮ್ರದ್ದಕ್ಕಿಂತ ಅಗ್ಗ. 2020–21ರಲ್ಲಿ ಎಲ್ಲೆಡೆ ತೋಟಾಗಳ ಬರ ಬಂದಾಗ ಕಪಾಟುಗಳು ಖಾಲಿಯಿದ್ದವು; ಆಗಿನಿಂದ ಎರಡು ಋತುಗಳಿಗಾಗುವಷ್ಟನ್ನು ಒಂದೇ ತಯಾರಿಕಾ ಸಂಖ್ಯೆಯಲ್ಲಿ ಕೊಂಡಿಡುತ್ತೇನೆ. ಅಭ್ಯಾಸಕ್ಕೆ ಅಗ್ಗದ ತೋಟಾ ಸಾಕು.

ಕಾನೂನನ್ನು ನಿಮ್ಮ ನಿಮ್ಮ ರಾಜ್ಯದಲ್ಲಿ ನೋಡಿಕೊಳ್ಳಲೇಬೇಕು. ಟೆಕ್ಸಸ್‌ನಲ್ಲಿ ಬಿಳಿಬಾಲದ ಜಿಂಕೆಗೆ ರಿಮ್‌ಫೈರ್ (ತಳದ ಅಂಚಿಗೆ ಬಡಿದಾಗ ಸಿಡಿಯುವ) ತೋಟಾ ನಿಷಿದ್ಧ. .223 ಸೆಂಟರ್‌ಫೈರ್ (ತಳದ ನಡುವೆ ಬಡಿದಾಗ ಸಿಡಿಯುವ) ತೋಟಾ, ಹಾಗಾಗಿ ನಡೆಯುತ್ತದೆ. ವರ್ಜೀನಿಯಾದಲ್ಲಿ ಜಿಂಕೆಗೆ ಕನಿಷ್ಠ .23 ಕ್ಯಾಲಿಬರ್ ಬೇಕು, ಅಂದರೆ .223 ಇಲ್ಲ. ಕೊಲರಾಡೋದಲ್ಲಿ ಕನಿಷ್ಠ .24, ಗುಂಡು 70 ಗ್ರೇನಿಗೆ ಕಡಿಮೆಯಿಲ್ಲದ, ಅರಳುವಂಥದ್ದೇ ಆಗಿರಬೇಕು. ಸ್ಕಾಟ್ಲೆಂಡಿನಲ್ಲಿ ಪುಟ್ಟ ರೋ ಜಿಂಕೆಗೆ 50 ಗ್ರೇನಿನ, 1,000 ಅಡಿ-ಪೌಂಡಿನ .22 ಸೆಂಟರ್‌ಫೈರ್ ಒಪ್ಪಿಗೆ. ಇಂಗ್ಲೆಂಡಿನಲ್ಲಿ ಅದೇ ರೋ ಜಿಂಕೆಗೆ .240 ಬೇಕು. ಜಿಂಕೆಗೆಂದೇ ಹೊಸ ರೈಫಲ್ ಕೊಳ್ಳುವವರಿಗೆ ನನ್ನ ಸಲಹೆ 1955ರಿಂದ ಮಾರುಕಟ್ಟೆಯಲ್ಲಿರುವ .243 ವಿಂಚೆಸ್ಟರ್. ಒದೆತ ಇನ್ನೂ ಹಗುರವೇ, 95–100 ಗ್ರೇನಿನ ಗುಂಡು ಸಿಗುತ್ತದೆ, ಹೆಚ್ಚಿನ ರಾಜ್ಯಗಳಲ್ಲಿ ತಕರಾರಿಲ್ಲ. .223 ಈಗಾಗಲೇ ಮನೆಯಲ್ಲಿರುವವರಿಗೆ, ಕಲಿಯುವವರಿಗೆ ಮಾತ್ರ ಈ ವಿಮರ್ಶೆ.

ಅಮೆರಿಕಕ್ಕೆ ಹೊಸದಾಗಿ ಬಂದ ಕನ್ನಡಿಗ ಗೆಳೆಯರು ಇನ್ನೊಂದನ್ನು ತಿಳಿದಿರಬೇಕು. ಎಚ್-1ಬಿಯಂಥ ತಾತ್ಕಾಲಿಕ ವೀಸಾದಲ್ಲಿರುವವರು ಬಂದೂಕನ್ನಾಗಲಿ ತೋಟಾವನ್ನಾಗಲಿ ಇಟ್ಟುಕೊಳ್ಳುವಂತಿಲ್ಲ ಎಂಬುದು ಇಲ್ಲಿನ ಕೇಂದ್ರ ಕಾನೂನು. ಅಮೆರಿಕದ ಯಾವುದಾದರೂ ರಾಜ್ಯದ ಚಾಲ್ತಿಯಲ್ಲಿರುವ ಬೇಟೆ ಪರವಾನಗಿ ಇದ್ದರೆ ವಿನಾಯಿತಿಯುಂಟು. ಟೆಕ್ಸಸ್‌ನಲ್ಲಿ 1971ರ ಸೆಪ್ಟೆಂಬರ್ 2ರಂದು ಅಥವಾ ನಂತರ ಹುಟ್ಟಿದವರು ಬೇಟೆ ಶಿಕ್ಷಣದ ಪಾಠವನ್ನೂ ಮುಗಿಸಬೇಕು. ಗೆಳೆಯನ ರೈಫಲ್ ಒಂದು ಸಲ ಹಿಡಿದು ನೋಡಿದರೆ ಏನಾದೀತು ಎಂದು ಭಾವಿಸುವ ಮೊದಲು ಪರವಾನಗಿ ಜೇಬಿನಲ್ಲಿರಲಿ.

ಊರಿಗೆ ಹೋದಾಗ ಈ ಗುಂಡುಗಳ ಬಗ್ಗೆ ನೆಂಟರು ಕುತೂಹಲದಿಂದ ಕೇಳುತ್ತಾರೆ. ಕೊಡಗಿನ ನಮ್ಮ ಮನೆಗಳಲ್ಲಿ ಕೋವಿ ಇದೆ, ಕೈಲ್‌ಪೊಳ್ದ್ ಹಬ್ಬದಲ್ಲಿ ಅದಕ್ಕೆ ಪೂಜೆಯಾಗುತ್ತದೆ, ತೆಂಗಿನಕಾಯಿಗೆ ಗುರಿಯಿಡುವ ಪೈಪೋಟಿ ನಡೆಯುತ್ತದೆ. ಜಿಂಕೆ, ಕಡವೆಗಳಿಗೆ ಗುರಿಯಿಡುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ, ಅದು ಹಾಗೆಯೇ ಇರಬೇಕು. ಟೆಕ್ಸಸ್‌ನಲ್ಲಿ ಜಿಂಕೆಗಳು ಮೇವು ಸಾಲದಷ್ಟು ಹೆಚ್ಚಿವೆ, ಪ್ರತಿ ಕೌಂಟಿಗೂ ಮಿತಿ ನಿಗದಿಯಾಗುತ್ತದೆ. ನಮ್ಮ ಕಾಡಿನ ಸ್ಥಿತಿ ಬೇರೆ, ಅಲ್ಲಿ ಹುಲಿಗೂ ಚಿರತೆಗೂ ಆ ಜಿಂಕೆಗಳೇ ಊಟ.

ಕೊನೆಯದಾಗಿ ಒಂದು ಎಚ್ಚರಿಕೆ. ಬೇಟೆಗೆ ಬಳಸುವ ಬೆನ್ನುಚೀಲವನ್ನು ಭಾರತದ ಪ್ರಯಾಣಕ್ಕೆ ಎಂದಿಗೂ ಒಯ್ಯಬೇಡಿ. ಚೀಲದ ಮೂಲೆಯಲ್ಲಿ ಮರೆತುಹೋದ ಒಂದೇ ಒಂದು ತೋಟಾ ಸಾಕು, ಬೆಂಗಳೂರಿನ ವಿಮಾನ ನಿಲ್ದಾಣದ ತಪಾಸಣೆಯಲ್ಲಿ ಸಿಕ್ಕರೆ ಶಸ್ತ್ರಾಸ್ತ್ರ ಕಾಯ್ದೆಯಡಿ ಮೊಕದ್ದಮೆಯಾಗುತ್ತದೆ. ನಮ್ಮ ಬೇಟೆಯ ಚೀಲ, ಜಾಕೆಟ್ಟು, ಡಬ್ಬಿಗಳು ಎಲ್ಲವೂ ಗ್ಯಾರೇಜಿನ ಬೀಗ ಹಾಕಿದ ಕಪಾಟಿನಲ್ಲೇ ಇರುತ್ತವೆ, ಪ್ರಯಾಣದ ಸಾಮಾನು ಆ ಕೋಣೆಗೆ ಹೋಗುವುದೇ ಇಲ್ಲ.